ಬಾಮೈದನ ಎಳೆಯುವ ಮಂಚ

ನನ್ನ ಹೆಂಡತಿಯ ತಮ್ಮ ಮೊದಲು ನೀರು ಶುದ್ಧ ಮಾಡುವ ಯಂತ್ರ ಮಾರುತ್ತಿದ್ದ. ಈಗ ಜನರ ಬೆನ್ನು ರಿಪೇರಿ ಮಾಡುತ್ತಾನೆ. ಮೂರು ತಿಂಗಳ ತರಬೇತಿಯ ಸರ್ಟಿಫಿಕೇಟನ್ನು ಗೋಡೆಗೆ ಹೊಡೆದು, ಒಂದು ಮೋಟಾರು ಮಂಚ ತಂದು, ಬಾಗಿಲಿಗೆ ‘ಡಿಕಂಪ್ರೆಷನ್ ಥೆರಪಿ, ಆಪರೇಷನ್ ಬೇಡ’ ಎಂದು ಬೋರ್ಡು ಹಾಕಿ, ಬಿಳಿ ಕೋಟು ತೊಟ್ಟು ಕೂತಿದ್ದಾನೆ. ಕೋಟಿನ ಎಡತೋಳು ಬಲಕ್ಕಿಂತ ಅರ್ಧ ಇಂಚು ಉದ್ದ. ನಾನು ದರ್ಜಿ. ಅದನ್ನು ಕಂಡ ಮೇಲೆ ಅವನ ಮೇಲೆ ನಂಬಿಕೆ ಹುಟ್ಟುವುದಾದರೂ ಹೇಗೆ?

ಆದರೂ ಹೋದೆ. ಕತ್ತುನೋವು ಎಂದಷ್ಟೇ ಮನೆಯಲ್ಲಿ ಹೇಳಿದ್ದೆ. ನಿಜವಾದ ಹೆದರಿಕೆ ಬೇರೆ: ಬಲಗೈಯ ಬೆರಳುಗಳು ಜೋಮು ಹಿಡಿದು ಕತ್ತರಿ ನಿಲ್ಲುತ್ತಿರಲಿಲ್ಲ. ದರ್ಜಿಯ ಕೈ ಹೋಯಿತೆಂದು ಗೊತ್ತಾದರೆ ಯಾರು ಬಟ್ಟೆ ಕೊಡುತ್ತಾರೆ? ಹೆಂಡತಿಯ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

“ಕೈ ಏನಾದ್ರೂ ಜೋಮು ಹಿಡಿಯುತ್ತಾ ಭಾವ?” ಎಂದು ಅವನು ಹಾಳೆ ನೋಡಿಕೊಂಡು ಓದಿದ.

“ಇಲ್ಲ.”

“ಕೈಯಲ್ಲಿ ಶಕ್ತಿ?”

“ನಿನ್ನ ಕತ್ತು ಹಿಸುಕೋಷ್ಟಿದೆ.”

ಹಲ್ಲು ಕಿರಿದು ಗುರುತು ಹಾಕಿಕೊಂಡ. ಕೈ ಮುಟ್ಟಿ ನೋಡಬೇಕೆಂದು ಆ ಮಹಾಮೇಧಾವಿಗೆ ಹೊಳೆಯಲೇ ಇಲ್ಲ.

ಕತ್ತುನೋವಾದರೆ ಗದ್ದಕ್ಕೂ ತಲೆಯ ಹಿಂಭಾಗಕ್ಕೂ, ಬೆನ್ನುನೋವಾದರೆ ಸೊಂಟಕ್ಕೂ ಪಟ್ಟಿ ಬಿಗಿದರೆ ಯಂತ್ರ ಎಳೆಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಮೂಳೆಗಳ ನಡುವೆ ಜಾಗವಾಗಿ ನರಕ್ಕೆ ಬಿಡುವು ಸಿಗುತ್ತದಂತೆ. ಇಳಿದವರನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದು, “ನೋಡಿ, ಕಾಲಿಂಚು ಬೆಳೆದ್ರಿ!” ಎನ್ನುತ್ತಿದ್ದ. ಬೆಂಚಿನ ಮೇಲೆ ಕಾಯುತ್ತಿದ್ದ ಪೆದ್ದರು ಚಪ್ಪಾಳೆ ತಟ್ಟುತ್ತಿದ್ದರು. ಮಲಗಿ ಎದ್ದವರೆಲ್ಲ ಒಂಚೂರು ಉದ್ದವಾಗುತ್ತಾರೆ. ಅದಕ್ಕೇ ನಾನು ಉದ್ದ ಕೋಟಿನ ಅಳತೆಯನ್ನು ಬೆಳಿಗ್ಗೆ ತೆಗೆದುಕೊಳ್ಳುವುದೇ ಇಲ್ಲ. ಒಬ್ಬ ಗುಮಾಸ್ತನ ಸೊಂಟ ಮಾತ್ರ ನಿಜಕ್ಕೂ ಹಗುರವಾಗಿತ್ತು. ಅದನ್ನು ನನಗೆ ಸಹಿಸಲಾಗಲಿಲ್ಲ.

ದಿನಾ ಹೋಗಿ ಮಲಗಿ ಬರುತ್ತಿದ್ದೆ. ಹತ್ತನೇ ದಿನ ಹೆಂಡತಿಯೂ ಜೊತೆಗೆ ಬಂದಿದ್ದಳು. ಬಾಮೈದ ಎಲ್ಲರೆದುರು ಅಭಿಪ್ರಾಯದ ಪುಸ್ತಕ ಮುಂದಿಟ್ಟ.

“ಎರಡು ಸಾಲು ಬರೀರಿ ಭಾವ. ನಿಮ್ಮಂಥ ಹೆಸರಿರೋ ದರ್ಜಿ ಬರೆದ್ರೆ ಜನ ನಂಬ್ತಾರೆ.”

ಪೆನ್ನು ಹಿಡಿದೆ. ಜಾರಿತು. ಎತ್ತಿಕೊಂಡೆ, ಮತ್ತೆ ಜಾರಿತು. ಮೂರನೇ ಸಲ ಹೆಂಡತಿ ಎತ್ತಿ ಕೈಗಿಟ್ಟು, ನನ್ನ ಬೆರಳುಗಳನ್ನು ತಾನೇ ಮಡಿಸಿದಳು. ಅವು ಮಡಿಸಿದ ಹಾಗೆ ನಿಲ್ಲಲಿಲ್ಲ.

“ರೀ, ಯಾವಾಗಿಂದ ಹೀಗೆ?”

“ಆರು ವಾರ ಆಯ್ತು.”

ಬಾಮೈದ ನನ್ನ ಕೈ ನೋಡಿದ, ಬೆಂಚಿನ ಕಡೆ ನೋಡಿದ. ಪುಸ್ತಕವನ್ನು ತನ್ನತ್ತ ಎಳೆದುಕೊಂಡ.

“ಬಿಡಿ ಭಾವ, ನಾನೇ ಬರ್ಕೋತೀನಿ.”

ಬರೆದೇಬಿಟ್ಟ, ನಾಚಿಕೆಗೆಟ್ಟವನು. ಬೈಯಲು ಬಾಯಿ ತೆರೆದೆ. ಅವನ ಹಾಳೆಗೆ ಮೊದಲು ಸುಳ್ಳು ಬರೆಸಿದವನು ನಾನೇ ಎಂಬುದು ನೆನಪಾಯಿತು.

“ನಿನ್ನ ವಿಚಾರ ಆಮೇಲೆ” ಎಂದು ತಮ್ಮನಿಗೆ ಹೇಳಿ, ಹೆಂಡತಿ ನನ್ನನ್ನು ನೇರವಾಗಿ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು. ನರದ ಡಾಕ್ಟರು ಕೇಳಲು ಶುರುಮಾಡುವ ಮೊದಲೇ, “ಇವರನ್ನ ಏನೂ ಕೇಳಬೇಡಿ ಡಾಕ್ಟ್ರೇ, ಕೈ ಹಿಡಿದು ನೋಡಿ” ಅಂದಳು.

ಡಾಕ್ಟರು ತಮ್ಮ ಎರಡು ಬೆರಳನ್ನು ನನ್ನ ಅಂಗೈಯಲ್ಲಿಟ್ಟು, “ಗಟ್ಟಿಯಾಗಿ ಹಿಸುಕಿ” ಎಂದರು.

ಹಲ್ಲು ಕಚ್ಚಿ ಹಿಸುಕಿದೆ.

ಅವರು ಕಾದರು. “ಹೂಂ, ಹಿಸುಕಿ” ಎಂದು ಮತ್ತೆ ಹೇಳಿದರು.