ಬಿಟ್ಟುಹೋದ ಅಕ್ಷರ

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಮುನಿವೆಂಕಟಪ್ಪನ ಕಿವಿಗೆ ಒಂದು ಹೆಸರಿತ್ತು. ಸಾಲು ಸಾಲು ಪವರ್‌ಲೂಮುಗಳು ಒಟ್ಟಿಗೆ ಬಡಿದುಕೊಳ್ಳುವ ಶೆಡ್ಡಿನಲ್ಲಿ, ಪಕ್ಕದಲ್ಲಿ ನಿಂತವನು ಕೂಗಿದರೂ ಕೇಳದಂಥ ಗದ್ದಲದಲ್ಲಿ, ಅವನು ಬಾಗಿಲ ಹತ್ತಿರ ನಿಂತೇ "ಕೊನೇ ಮಗ್ಗದಾಗೆ ಲಾಳಿ ತಡವರಿಸ್ತೈತೆ, ನೋಡ್ಲಾ" ಅನ್ನುತ್ತಿದ್ದ. ಹೋಗಿ ನೋಡಿದರೆ ನಿಜವೇ. ಆ ಕಿವಿಯಿಂದಲೇ ಅವನು ಮೇಸ್ತ್ರಿ ಆದದ್ದು. ಮಂಡಿ ಸವೆದು ಶೆಡ್ಡು ಬಿಟ್ಟು ಮನೆಯಲ್ಲಿ ಕೂತ ಮೇಲೂ ಯಾರಾದರೂ ಸಿಕ್ಕರೆ ಆ ಮಾತು ತೆಗೆಯದೆ ಬಿಡುತ್ತಿರಲಿಲ್ಲ.

ಮನೆಯಲ್ಲಿ ಈಗ ಮೂವರೇ. ಹೆಂಡತಿ ಅಂಜಿನಮ್ಮ ಹೋದ ವರ್ಷ ತೀರಿಕೊಂಡಿದ್ದಳು. ಮಗ ಬೈರೇಶ್ ತಾಲ್ಲೂಕು ಆಫೀಸಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಸೊಸೆ ಸಿಂಚನ ಅದೇ ತಾಲ್ಲೂಕಿನ ಮಧುರೆ ಕಡೆಯವಳು, ಒಂದು ಕಾನ್ವೆಂಟಿನಲ್ಲಿ ಎಲ್‌ಕೆಜಿ ಮಕ್ಕಳ ಟೀಚರ್. ತೆಳ್ಳನೆಯ ದನಿ, ಪಟಪಟ ಮಾತು.

ಹೆಂಡತಿ ಹೋದ ಮೇಲೆ ಮುನಿವೆಂಕಟಪ್ಪನ ತಲೆಯಲ್ಲಿ ಒಂದು ಅನುಮಾನ ಬೇರು ಬಿಟ್ಟಿತು. ಬೈರೇಶನ ಮಾತು ಕೇಳುತ್ತಿತ್ತು. ಎದುರು ಜಗಲಿಯ ಗಂಡಸರ ಹರಟೆ ಕೇಳುತ್ತಿತ್ತು. ಬೀದಿ ಕೊನೆಗೆ ಬಸ್ಸು ತಿರುಗಿದರೆ ಅದೂ ಕೇಳುತ್ತಿತ್ತು. ಸೊಸೆಯ ಮಾತು ಮಾತ್ರ ಬರೀ ಗೊಣಗಾಟ. ಹಾಗಾದರೆ ಕಿವಿಯ ತಪ್ಪಲ್ಲ, ಇವಳೇ ಬೇಕಂತ ದನಿ ತಗ್ಗಿಸುತ್ತಾಳೆ. "ಬಾಯಿಬಿಟ್ಟು ಮಾತಾಡಮ್ಮ" ಎಂದು ಗದರಿದರೆ ಒಂದೆರಡು ದಿನ ಜೋರಾಗಿ ಆಡುತ್ತಿದ್ದಳು, ಆಮೇಲೆ ಮತ್ತೆ ಅದೇ ಪಿಸಿಪಿಸಿ. ಅಡುಗೆಮನೆಯಲ್ಲಿ ಗಂಡ ಹೆಂಡತಿ ನಕ್ಕರೆ ಅವನು ಪಡಸಾಲೆಯಲ್ಲಿ ಕೂತು ಹಲ್ಲು ಕಡಿಯುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಬೈರೇಶ್ ಅಂಗಡಿಗೆ ಹೋಗಿದ್ದ. ಸಿಂಚನ ಹಿತ್ತಿಲ ಬಾಗಿಲಲ್ಲಿ ನಿಂತು ಫೋನಿನಲ್ಲಿ ತನ್ನ ಅಮ್ಮನ ಜೊತೆ ಮಾತಾಡುತ್ತಿದ್ದಳು. ಅವನು ಟವೆಲ್ ಹುಡುಕಿಕೊಂಡು ಅತ್ತ ಬಂದ. ಅವಳ ಬೆನ್ನು ಇವನ ಕಡೆಗಿತ್ತು. ಆಗ ಕಿವಿಗೆ ಬಿದ್ದದ್ದು ಇಷ್ಟು: "ಮಾವ... ಸಾಯ್ಲಿ. ಆಮೇಲೆ ನಿರಾಳ..."

ಅವನು ನಿಂತಲ್ಲೇ ನಿಂತ. ಒಂದು ಗಳಿಗೆಯ ಮೇಲೆ ಸದ್ದಾಗದಂತೆ ಹಿಂದಕ್ಕೆ ಬಂದು ಕುರ್ಚಿಯಲ್ಲಿ ಕೂತ. "ಮಾವ, ಸ್ನಾನಕ್ಕೆ ಏಳಿ" ಎಂದು ಅವಳು ಎದುರಿಗೆ ಬಂದು ಕರೆದಾಗ ಗೋಡೆ ಕಡೆ ಮುಖ ತಿರುಗಿಸಿದ. ಆ ದಿನ ಸ್ನಾನವನ್ನೂ ಮಾಡಲಿಲ್ಲ, ಅವಳು ಬಡಿಸಿದ್ದನ್ನು ಮುಟ್ಟಲೂ ಇಲ್ಲ.

ಮನೆಯೊಳಗೇ ಕೇಳಿ ಬಗೆಹರಿಸಿಕೊಂಡಿದ್ದರೆ ಆಗುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಬೀಗರಿಗೆ ಹೇಳಿಕಳಿಸಿದ. ಬೀದಿಯ ನಾಲ್ಕು ಜನ ಹಿರಿಯರನ್ನು ಕರೆದ. ಪಕ್ಕದ ಮನೆಯ ಮುನಿಲಕ್ಷ್ಮಮ್ಮ ಕರೆಯದೆಯೇ ಬಂದು ಬಾಗಿಲಲ್ಲಿ ಕೂತಳು. ಎಲ್ಲರ ಮುಂದೆ ಅವನು ಸೊಸೆಯ ಕಡೆ ಬೊಟ್ಟು ಮಾಡಿ, "ಈ ಮಹಾತಾಯಿ ನಾನು ಸಾಯ್ಲಿ ಅಂತ ಕಾಯ್ಕೊಂಡು ಕುಂತವ್ಳೆ. ಅವರಮ್ಮನ ತಾವ ಹೇಳಿದ್ದ ನನ್ನ ಕಿವಿಯಾರೆ ಕೇಳಿವ್ನಿ" ಎಂದ.

ಯಾವ ದಿನ, ಯಾವ ಮಾತು ಎಂದು ನೆನಪು ಮಾಡಿಕೊಳ್ಳುವುದಕ್ಕೇ ಸಿಂಚನಳಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಅಯ್ಯೋ ಮಾವ, ನಾನಂದಿದ್ದು ಕಾಯ್ಲಿ ಅಂತ! 'ಮಾವಂಗೆ ನೀರಿಟ್ಟಿದೀನಿ, ಕಾಯ್ಲಿ, ಆಮೇಲೆ ನಿರಾಳವಾಗಿ ಮಾತಾಡ್ತೀನಿ' ಅಂದೆ. ಬೇಕಾದ್ರೆ ಅಮ್ಮನ್ನ ಕೇಳಿ."

"ಈಗ ಕಾಯ್ಲಿ ಆಗೋಯ್ತಾ?" ಮುನಿವೆಂಕಟಪ್ಪ ಗಹಗಹಿಸಿ ನಕ್ಕ. "ಮಗಳ ಸುಳ್ಳಿಗೆ ಅಮ್ಮ ಸಾಕ್ಷಿ!"

ಬೈರೇಶ್, "ಅಪ್ಪಾ, ಸುಮ್ಕಿರು" ಎಂದ. ಸಿಂಚನಳ ತಂದೆ ಅಪ್ಪಯ್ಯಣ್ಣ ಹೆಚ್ಚು ಮಾತಿನವರಲ್ಲ. ಎದ್ದು ಮಗಳಿಗೆ, "ಬಟ್ಟೆ ತಗೋ, ನಡಿ" ಎಂದರು. ಹೊಸಲು ದಾಟುವಾಗ ಒಂದೇ ಮಾತು ಆಡಿದರು: "ಬೀಗ್ರೆ, ಮೊದ್ಲು ನಿಮ್ಮ ಕಿವಿ ತೋರಿಸ್ಕೊಳ್ಳಿ."

ಆ ಮಾತು ಮುನಿವೆಂಕಟಪ್ಪನಿಗೆ ಚಪ್ಪಲಿಯಲ್ಲಿ ಹೊಡೆದಂತಾಯಿತು. ಯಾರ ಕಿವಿ! "ತೋರಿಸ್ಕೊತೀನಿ! ನೀವೂ ಜೊತೆಗೆ ಬನ್ನಿ. ಡಾಕ್ಟ್ರ ಬಾಯಲ್ಲೇ ಹೇಳ್ಸಿ ಕೊಡ್ತೀನಿ, ನಿಮ್ಮ ಮಗಳ ಬಾಯಿ ಎಂಥದು ಅಂತ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

ಹಾಗೆ ಅವನಾಗಿಯೇ ಸವಾಲು ಹಾಕಿಕೊಂಡು, ಮಗನನ್ನೂ ಬೀಗರನ್ನೂ ಸಾಕ್ಷಿಗೆ ಕಟ್ಟಿಕೊಂಡು, ಪೇಟೆಯ ಕಿವಿ ಪರೀಕ್ಷೆಯ ಕೇಂದ್ರಕ್ಕೆ ಹೋದ. ಪರೀಕ್ಷೆ ಮಾಡುವ ಪದ್ಮಶ್ರೀ ಎಂಬ ಹೆಣ್ಣುಮಗಳು ಅವನನ್ನು ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟಳು. "ಸದ್ದು ಕೇಳಿದಾಗ ಒತ್ತಿ ಅಪ್ಪಾಜಿ. ಎಷ್ಟು ಸಣ್ಣಗಿದ್ರೂ ಒತ್ತಿ."

ಮೊದಲು ಬಂದದ್ದು ದಪ್ಪನೆಯ ಗುಂಯ್ ಸದ್ದು. ಒತ್ತಿದ. ಅದು ಮೆಲ್ಲಗಾಯಿತು, ಇನ್ನೂ ಮೆಲ್ಲಗಾಯಿತು. ಪ್ರತಿ ಸಲವೂ ಒತ್ತಿದ. ಗಾಜಿನಾಚೆ ನಿಂತಿದ್ದ ಅಪ್ಪಯ್ಯಣ್ಣನ ಕಡೆ ನೋಡಿ ಮೀಸೆಯಲ್ಲೇ ನಕ್ಕ. ಆಮೇಲೆ ಸದ್ದು ಸ್ವಲ್ಪ ತೆಳುವಾಯಿತು. ಆಮೇಲೆ ನಿಂತುಹೋಯಿತು. ಅವನು ಕಾದ. ಕರೆಂಟು ಹೋಗಿರಬೇಕು ಅಂದುಕೊಂಡ.

ಪದ್ಮಶ್ರೀ ಬಾಗಿಲು ತೆರೆದು, ಹೆಡ್‌ಫೋನ್ ತೆಗೆದು, ಅದೇ ಸದ್ದನ್ನು ಸ್ಪೀಕರಿನಲ್ಲಿ ಹಾಕಿದಳು. ಬೈರೇಶ್ ಕಿವಿ ಮುಚ್ಚಿಕೊಂಡ. ಅಪ್ಪಯ್ಯಣ್ಣ ಹುಣಿಸೆಹಣ್ಣು ಕಚ್ಚಿದವರಂತೆ ಮುಖ ಕಿವುಚಿದರು. ಮುನಿವೆಂಕಟಪ್ಪ ಒಬ್ಬರ ಮುಖ ಆದಮೇಲೆ ಒಬ್ಬರದು ನೋಡಿದ.

"ಹಾಕಿದೀರಾ?" ಎಂದ.

ಪದ್ಮಶ್ರೀ ಸ್ಪೀಕರ್ ಆರಿಸಿದಳು.

ಇನ್ನೊಂದು ಪರೀಕ್ಷೆ ಇತ್ತು. ಪದ್ಮಶ್ರೀ ಬಾಯಿಗೆ ಒಂದು ಹಾಳೆ ಅಡ್ಡ ಹಿಡಿದು ಒಂದೊಂದೇ ಪದ ಹೇಳಿದಳು. ಅವನು ಕೇಳಿದ್ದನ್ನು ತಿರುಗಿ ಹೇಳಬೇಕು. ಅವಳು "ಸಾಲು" ಎಂದಳು. ಅವನು ಧೈರ್ಯವಾಗಿ "ಹಾಲು" ಎಂದ. "ಕತ್ತಿ" ಎಂದಳು. "ಹತ್ತಿ" ಎಂದ. "ತಟ್ಟೆ." "ಕಟ್ಟೆ." ಎಲ್ಲವನ್ನೂ ಪಾಠ ಒಪ್ಪಿಸುವವನಂತೆ ಗಟ್ಟಿಯಾಗಿ ಹೇಳಿದ. ಹೇಳುತ್ತ ಹೇಳುತ್ತ ಮಗನ ಮುಖ ಇಳಿಯುತ್ತಿರುವುದನ್ನು ಕಂಡ. ಆಗ ಅಪ್ಪಯ್ಯಣ್ಣ ಮೆಲ್ಲಗೆ, "ಮೇಡಂ, 'ಕಾಯ್ಲಿ' ಅಂತ ಒಂದ್ಸಲ ಅನ್ನಿ" ಎಂದರು.

ಪದ್ಮಶ್ರೀ ಹೇಳಿದಳು. ಮುನಿವೆಂಕಟಪ್ಪ ಮೊಟ್ಟಮೊದಲ ಬಾರಿಗೆ ತನ್ನ ಕಿವಿ ನಿಜವಾಗಿ ಏನು ಕೊಡುತ್ತಿದೆ ಎಂದು ಗಮನವಿಟ್ಟ. ಬಂದದ್ದು "ಆಯ್ಲಿ" ಅಷ್ಟೇ. ಅದರ ಮುಂದೆ ಒಂದು ತೂತು. ಅವನು ಆ ತೂತನ್ನು ನೋಡುತ್ತಿರುವಂತೆಯೇ ಮನಸ್ಸು ಒಂದು 'ಸ' ತಂದು ಅಲ್ಲಿ ಸಿಕ್ಕಿಸಿಬಿಟ್ಟಿತು.

"ಸದ್ದು ಅಂದ್ರೆ ಗಾಳಿಯ ಅಲುಗಾಟ ಅಪ್ಪಾಜಿ," ಎಂದು ಪದ್ಮಶ್ರೀ ಎದುರಿಗೆ ಕೂತು, ನಿಧಾನವಾಗಿ ಹೇಳಿದಳು. "ಅದು ಎಷ್ಟು ಜೋರು ಅನ್ನೋದು ಒಂದು. ಎಷ್ಟು ಬೇಗ ಬೇಗ ಅಲುಗುತ್ತೆ ಅನ್ನೋದು ಇನ್ನೊಂದು. ಸೆಕೆಂಡಿಗೆ ನೂರಿನ್ನೂರು ಸಲ ಅಲುಗಿದ್ರೆ ಮಗ್ಗದ ಬಡಿತದ ಥರ ದಪ್ಪಗೆ ಕೇಳುತ್ತೆ. ಸಾವಿರಾರು ಸಲ ಅಲುಗಿದ್ರೆ ತೆಳ್ಳಗೆ, ಕೀರಲು. ಅ, ಆ, ಓ ಎಲ್ಲ ದಪ್ಪ ಸದ್ದು. ಕ, ತ, ಸ ತೆಳು ಸದ್ದು. ನಿಮಗೆ ದಪ್ಪದ್ದು ಚೆನ್ನಾಗಿ ಕೇಳುತ್ತೆ. ಅದಕ್ಕೇ ಮಗ್ಗದ ಲಾಳಿ, ಗಂಡಸರ ಮಾತು ಎಲ್ಲ ಸಲೀಸು. ತೆಳ್ಳಗಿರೋದು ಹೋಗಿಬಿಟ್ಟಿದೆ. ಕಿವಿಯೊಳಗೆ ಕೂದಲಿನಂಥ ಎಳೆಗಳಿರ್ತವೆ, ರಾಗಿ ಪೈರಿನ ಹಾಗೆ. ಅಷ್ಟು ವರ್ಷದ ಮಗ್ಗದ ಸದ್ದು ಅದರ ಮೇಲೆ ತುಳಿದಾಡಿದೆ. ಒಂದು ಸಲ ನೆಲಕಚ್ಚಿದ್ರೆ ಅದು ಮತ್ತೆ ಏಳಲ್ಲ."

"ಹಂಗಾದ್ರೆ ಅರ್ಧಂಬರ್ಧ ಕೇಳ್ಬೇಕಲ್ಲಮ್ಮ? ನಂಗೆ ಪೂರ್ತಿ ಮಾತೇ ಕೇಳುಸ್ತೈತಲ್ಲ?"

"ಅರ್ಧ ಕಿವಿ ಕೇಳುತ್ತೆ ಅಪ್ಪಾಜಿ. ಉಳಿದಿದ್ದನ್ನ ಮನಸ್ಸು ತುಂಬಿಕೊಳ್ಳುತ್ತೆ. ತುಂಬಿದ್ದು ಅಂತ ಗೊತ್ತೇ ಆಗಲ್ಲ."

ಬೈರೇಶ್ ತಗ್ಗಿಸಿದ ತಲೆ ಎತ್ತಿ, "ಅಮ್ಮ ಯಾವಾಗ್ಲೂ ಎದುರಿಗೆ ಬಂದು, ತೋಳು ಮುಟ್ಟಿ ಮಾತಾಡ್ತಿದ್ಳು. ನಾವು ಅದನ್ನ ಅವಳ ಅಭ್ಯಾಸ ಅಂತ ಅಂದ್ಕೊಂಡಿದ್ವಿ" ಎಂದ.

ಮುನಿವೆಂಕಟಪ್ಪನಿಗೆ ಆ ಕೋಣೆಯಿಂದ ಎದ್ದು ಹೋಗುವುದು ಹೇಗೆಂದು ತಿಳಿಯಲಿಲ್ಲ. ಅಪ್ಪಯ್ಯಣ್ಣ ಒಂದು ಕೆಟ್ಟ ಮಾತು ಆಡಿದ್ದರೆ ಒಳ್ಳೆಯದಿತ್ತು. ಅವರು ಆಡಲಿಲ್ಲ. ಮೆಟ್ಟಿಲು ಇಳಿಯುವಾಗ ಮಂಡಿ ನೋವಿಗೆ ತಡವರಿಸಿದ ಇವನ ಕೈ ಹಿಡಿದುಕೊಂಡರು. ಆ ಕೈಯನ್ನು ಬಿಡಿಸಿಕೊಳ್ಳಲೂ ಆಗದೆ, ಹಿಡಿದುಕೊಂಡಿರಲೂ ಆಗದೆ ಅವನು ಬೀದಿಯವರೆಗೆ ನಡೆದ.

ಎರಡು ದಿನ ಹೊರಗೆ ಮುಖ ಹಾಕಲಿಲ್ಲ. ಮೂರನೆಯ ದಿನ ಒಬ್ಬನೇ ಬಸ್ಸು ಹತ್ತಿ ಮಧುರೆಗೆ ಹೋದ. ಬೈರೇಶ್ ಬರುತ್ತೇನೆಂದರೂ ಬೇಡ ಎಂದ.

ಅಪ್ಪಯ್ಯಣ್ಣನ ಮನೆಯಂಗಳದಲ್ಲಿ ಸಿಂಚನ ಅವರೆಕಾಯಿ ಬಿಡಿಸುತ್ತಿದ್ದಳು. ಇವನನ್ನು ಕಂಡು ಎದ್ದು ನಿಂತಳು, ಕುರ್ಚಿ ತಂದು ಹಾಕಿದಳು, ನೀರು ಕೊಟ್ಟಳು. ಅವನು ನೀರಿನ ಚೊಂಬು ಹಿಡಿದುಕೊಂಡೇ, "ನಂದು ತಪ್ಪಾಯ್ತು ಕಣಮ್ಮ. ನನ್ನ ಕಿವಿ ಹೋಗೈತೆ. ನೀನು ಕಾಯ್ಲಿ ಅಂತಲೇ ಅಂದಿದ್ದು" ಎಂದ.

ಅಷ್ಟು ಹೇಳಿದರೆ ಮುಗಿಯಿತು ಎಂದು ಅವನು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಸಿಂಚನ ಅವನ ಮುಖಕ್ಕೆ ನೇರವಾಗಿ, ಒಂದೊಂದೇ ಪದ ಬಿಡಿಸಿ ಕೇಳಿದಳು:

"ಕಿವಿಗೆ ಕೇಳ್ಸಲಿಲ್ಲ ಅನ್ನೋದು ಒಪ್ಕೋತೀನಿ ಮಾವ. ಆದ್ರೆ ಆ ಅಕ್ಷರ ಬಿಟ್ಟುಹೋದಾಗ, ಅಲ್ಲಿಗೆ 'ಕಾಯ್ಲಿ' ಯಾಕೆ ಬರ್ಲಿಲ್ಲ? ದಿನಾ ನಿಮಗೆ ನೀರು ಕಾಯ್ಸೋಳು ನಾನು. 'ಸಾಯ್ಲಿ'ನೇ ಯಾಕೆ ಬಂತು? ನಿಮ್ಮ ಮನಸ್ನಲ್ಲಿ ನಾನು ಅಂಥೋಳಾ?"

ಮುನಿವೆಂಕಟಪ್ಪನಿಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಕಿವಿಯ ಪರೀಕ್ಷೆಯಲ್ಲಿ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಅಲ್ಲಿ ಕೆಟ್ಟದ್ದು ಕಿವಿ. ಇಲ್ಲಿ ಅವಳು ಕೇಳುತ್ತಿರುವುದು ಅವನನ್ನು. ಚೊಂಬನ್ನು ಕೆಳಗಿಟ್ಟ.

"ನೀನು ಅಂಥೋಳಲ್ಲಮ್ಮ," ಎಂದ ಕೊನೆಗೆ. "ಶೆಡ್ಡು ಬಿಟ್ಟೆ, ಅವಳೂ ಹೋದ್ಲು. ಈ ಮುದಿಯ ಇನ್ನ್ಯಾರಿಗೆ ಬೇಕು ಅಂತ ಕುಂತಲ್ಲೇ ಅನ್ನಿಸ್ತಿತ್ತು. ಸಾಯ್ಲಿ ಅಂತ ಅಂದ್ಕೊಂಡಿದ್ದು ನಾನೇ. ಅದನ್ನ ತಂದು ನಿನ್ನ ಬಾಯಿಗೆ ತುರುಕಿದೆ."

ಸಿಂಚನ ಕಣ್ಣೊರೆಸಿಕೊಂಡಳು. ಆದರೆ ಅವನ ಜೊತೆ ಹೊರಡಲಿಲ್ಲ. "ನೀವು ನಂಗೆ ಇಲ್ಲಿ ಹೇಳಿದ್ರೆ ಸಾಕಾಗಲ್ಲ ಮಾವ. ಅವತ್ತು ಯಾರ್ಯಾರನ್ನ ಕರೆಸಿದ್ರೋ ಅವರ ಮುಂದೆ ಹೇಳ್ಬೇಕು. ಇವತ್ತಿಗೂ ನನ್ನ ಸ್ಕೂಲ್ ಹತ್ರ ಆ ಮಾತು ಓಡಾಡ್ತಿದೆ. ಮಾವನ್ನ ಸಾಯ್ಲಿ ಅಂದ ಟೀಚರ್ರು ಅಂತ."

ಮಾತು ಅಲ್ಲಿಯತನಕ ಹೋಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದವನು ಏನೋ ಕೇಳಿದ. ಇವನು ಕಿಟಕಿಯಾಚೆ ನೋಡುತ್ತ ಕೂತುಬಿಟ್ಟ.

ಮುಂದಿನ ಭಾನುವಾರ ಅದೇ ಜನ ಅದೇ ಪಡಸಾಲೆಯಲ್ಲಿ ಸೇರಿದರು. ಸಿಂಚನ ತಂದೆಯ ಪಕ್ಕ ಕೂತಿದ್ದಳು. ಮುನಿವೆಂಕಟಪ್ಪ ಕೂತು ಹೇಳಬಹುದಿತ್ತು, ಗೋಡೆ ಹಿಡಿದು ಎದ್ದು ನಿಂತ. "ಅವತ್ತು ನಾನು ಹೇಳಿದ್ದು ಸುಳ್ಳು. ಈ ಹುಡುಗಿ ಅಂಥ ಮಾತು ಆಡೇ ಇಲ್ಲ. ನಾನು ಕಿವುಡ. ಕಿವುಡು ಅಂತ ಗೊತ್ತಿಲ್ದೆ, ಇದ್ದ ಬುದ್ಧೀನೂ ಕೆಡಿಸ್ಕೊಂಡು ಮಗಳಂಥೋಳ ಮಾನ ಕಳೆದೆ. ನೀವು ಈ ಮಾತ ಎಲ್ಲೆಲ್ಲಿ ಆಡಿದ್ರೋ ಅಲ್ಲೆಲ್ಲ ಹೋಗಿ, ಮುನಿವೆಂಕಟಪ್ಪ ಸುಳ್ಳ ಅಂತ ಹೇಳ್ಬೇಕು."

ಬಾಗಿಲಲ್ಲಿದ್ದ ಮುನಿಲಕ್ಷ್ಮಮ್ಮ ಏನೋ ಅಂದಳು, ಒಂದಿಬ್ಬರು ನಕ್ಕರು. ಅವನ ಮನಸ್ಸು ಥಟ್ಟನೆ ಒಂದು ಬೈಗುಳ ತಂದು ಮುಂದಿಟ್ಟಿತು. ಅವನು ಅದನ್ನು ತೆಗೆದುಕೊಳ್ಳಲಿಲ್ಲ. "ನಂಗೆ ಕೇಳ್ಸಲಿಲ್ಲ. ಏನಂದ್ರಿ?" ಎಂದ. ಹತ್ತು ಜನರ ಮುಂದೆ ಆ ಮಾತು ಹೇಳಿದ್ದು ಅವನ ಜೀವಮಾನದಲ್ಲೇ ಮೊದಲು.

"ಕುತ್ಕೊಳಪ್ಪ, ಮಂಡಿ ನೋಯ್ತದೆ ಅಂದೆ!" ಎಂದು ಅವಳು ಕೂಗಿದಳು.

ಸಿಂಚನ ಅವತ್ತೇ ಮನೆಯಲ್ಲಿ ಉಳಿದಳು. ಉಳಿದಳು ಅಷ್ಟೇ. ಮೊದಲಿನ ಪಟಪಟ ಮಾತು ಉಳಿಯಲಿಲ್ಲ. ಬೇಕಾದಷ್ಟನ್ನು ಅಳೆದು ಆಡುತ್ತಿದ್ದಳು. ಅವನೂ ಕೇಳಬೇಕಾದ್ದನ್ನು ಮಾತ್ರ ಕೇಳುತ್ತಿದ್ದ.

ತಿಂಗಳೊಪ್ಪತ್ತಿನಲ್ಲಿ ಬೈರೇಶ್ ಕಿವಿಗೆ ಹಾಕುವ ಯಂತ್ರ ಕೊಡಿಸಿದ. ಪದ್ಮಶ್ರೀ ಅದನ್ನು ಸರಿಮಾಡಿ ಕೂರಿಸಿ ಕಳಿಸಿದಳು. ಮನೆಗೆ ಬಂದವನು ಪಡಸಾಲೆಯಲ್ಲಿ ಕೂತು, ಎಂದಿನಂತೆ "ಬೈರೇಶಾ, ನೀರು ತತ್ತಾ" ಎಂದ. ಹೇಳಿ ತಾನೇ ಬೆಚ್ಚಿಬಿದ್ದ. ಯಾರೋ ಜಗಳಕ್ಕೆ ನಿಂತು ಅರಚಿದಂತಿತ್ತು. ಸುತ್ತ ನೋಡಿದ. ಮನೆಯವರು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

"ನಾನು ಯಾವಾಗ್ಲೂ ಹಿಂಗೇ ಕಿರುಚ್ತೀನಾ?" ಎಂದು ಕೇಳಿದ. ಅದೂ ಕಿರುಚಿದಂತೆಯೇ ಕೇಳಿಸಿತು.

ಬೈರೇಶ್ ಹೆಂಡತಿಯ ಕಡೆ ನೋಡಿದ. ಸಿಂಚನ ಅಡುಗೆಮನೆ ಬಾಗಿಲಿಗೆ ಬಂದು, "ಹೂಂ ಮಾವ. ನಾನು ಬಂದಾಗಿನಿಂದ" ಎಂದಳು. ಕೋಪವಿಲ್ಲ, ನಗುವೂ ಇಲ್ಲ.

ಅವನು ತಲೆಯಾಡಿಸಿದ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ತನ್ನದೇ ದನಿಗೆ ಹೆದರುವವನಂತೆ ಅಳೆದು ತೂಗಿ, ಸಣ್ಣಗೆ, "ಇನ್ನೊಂದ್ಸಲ ಹೇಳ್ತೀನಿ, ಸರಿಯಾ ನೋಡಮ್ಮ. ನೀರು ಕೊಡು" ಎಂದ.

"ಇನ್ನೂ ಜೋರಾಗೇ ಇದೆ" ಎಂದಳು ಸಿಂಚನ.

ಅವನು ಮತ್ತೆ ಹೇಳಿದ.