ಫೋಟೊ ತುಂಬ ಮೀನು

ಹವ್ಯಾಸಕ್ಕೆ ಗಾಳ ಹಾಕುವವರಿಂದ ಕೆರೆಯ ಮೀನು ಕಡಿಮೆಯಾಗುತ್ತಿದೆಯೇ ಎಂದು ವರದಿ ಬರೆಯುವ ಕೆಲಸವನ್ನು ಮೀನುಗಾರಿಕೆ ಇಲಾಖೆ ಯಾರ ತಲೆಗೆ ಕಟ್ಟಬೇಕು? ಗಾಳದ ಸಂಘ ಕಟ್ಟಿದವರ ಮಗಳ ತಲೆಗೇ! ಹೌದೆಂದರೆ ಗಾಳಕ್ಕೆ ನಿಷೇಧ, ಅಪ್ಪನ ಬೆಳಗುಗಳೆಲ್ಲ ಖಾಲಿ. ಇಲ್ಲವೆಂದರೆ ಆ ಕೆರೆಯ ದೊಡ್ಡ ಮೀನಿನ ವಂಶವೇ ನಿರ್ನಾಮ.

ಅವಳು ಎಳೆಸಿದ ಬಲೆಗಳಲ್ಲಿ ದೊಡ್ಡ ಮೀನು ಒಂದೂ ಬೀಳಲಿಲ್ಲ. ಸಂಘದ ಅಧ್ಯಕ್ಷರಿಗೆ ನಗುವೋ ನಗು.

"ನಿಮ್ಮ ಬಲೆಗೆ ಬೀಳದಿದ್ರೆ ನಾವೇನ್ ಮಾಡೋಣ ಮೇಡಂ? ನಮಗಂತೂ ವಾರವಾರ ಸಿಗ್ತಿದೆ. ಹಿಡೀತೀವಿ, ಫೋಟೊ ತೆಗೀತೀವಿ, ವಾಪಸ್ ಬಿಡ್ತೀವಿ." ಹಾಗೆಂದು ವರ್ಷದ ಫೋಟೊಗಳನ್ನೆಲ್ಲ ಅವಳ ಮೇಜಿನ ಮೇಲೆ ಸುರಿದು ಹೋದರು.

ಮನೆಯಲ್ಲಿ ಊಟದ ಮೇಜಿನ ಮೇಲೆ ಅವನ್ನು ಹರಡಿಕೊಂಡು ಕೂತಳು. ಅಪ್ಪ ಪಕ್ಕದಲ್ಲೇ ಚಹಾ ಹೀರುತ್ತ ಒಂದೊಂದು ಫೋಟೊದ ಕಥೆ ಹೇಳುತ್ತಿದ್ದರು. ಹಲ್ಲು ಕಿರಿದ ಮುಖಗಳನ್ನು ಬಿಟ್ಟು ಅವಳು ಮೀನುಗಳನ್ನಷ್ಟೇ ನೋಡುತ್ತ ಬಂದಳು. ಕಿವಿರಿನ ಹಿಂದೆ ಮೂರು ಕಪ್ಪು ಚುಕ್ಕೆ, ಬಾಲದ ಮೇಲ್ತುದಿ ಹರಿದಿದೆ. ಮುಂದಿನದರಲ್ಲೂ ಹಾಗೇ. ಅದರ ಮುಂದಿನದರಲ್ಲೂ. ಫೋಟೊಗಳನ್ನು ಸಾಲಾಗಿ ಅಪ್ಪನ ಮುಂದೆ ಜೋಡಿಸಿದಳು.

"ಅಪ್ಪ, ಇದೆಲ್ಲ ಒಂದೇ ಮೀನು."

ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಹಾಗಾದ್ರೆ ಉಳಿದವು?"

"ಬಿಟ್ಟ ಮೇಲೆ ಬದುಕಿದ್ವೋ ಇಲ್ವೋ, ಯಾರು ನೋಡಿದಾರೆ?"

ಚಹಾ ಆರಿಹೋಯಿತು. "ಇದನ್ನೇ ವರದೀಲಿ ಬರಿ ಪುಟ್ಟಿ," ಎಂದರು ಕೊನೆಗೆ. "ನಿಷೇಧ ಹಾಕಿಸು. ನಾನೂ ಬಂದು ಹೇಳ್ತೀನಿ."

ಹೇಳಿದರು ಕೂಡ, ಪಾಪ, ಇಲಾಖೆಯ ತುಂಬಿದ ಸಭೆಯಲ್ಲಿ ಎದ್ದು ನಿಂತು. ಆದರೆ ಅಧ್ಯಕ್ಷರೇನು ಸಾಮಾನ್ಯರೇ? "ಒಂದೇ ಮೀನು ಇಷ್ಟು ಸಲ ಸಿಕ್ಕಿಬಿದ್ದೂ ಗಟ್ಟಿಮುಟ್ಟಾಗಿದೆ ಅಂದ್ಮೇಲೆ, ಗಾಳದಿಂದ ಮೀನಿಗೆ ಏನೂ ಆಗಲ್ಲ ಅಂತ ಮೇಡಂ ಅವರೇ ತೋರಿಸ್ಕೊಟ್ರಲ್ಲ!" ಚಪ್ಪಾಳೆಯೋ ಚಪ್ಪಾಳೆ.

"ಸತ್ತ ಮೀನು ಫೋಟೊಗೆ ಬರಲ್ಲ ಸರ್!" ಎಂದು ಅವಳು ಕೂಗುವಷ್ಟರಲ್ಲಿ ಮೇಲಧಿಕಾರಿಗಳು ಪುರಾವೆ ಸಾಲದೆಂದು ಷರಾ ಬರೆದು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಾಗಿತ್ತು. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಒಂದೇ ಮೀನಂತೆ, ಎಷ್ಟು ಹಿಡಿದರೂ ಸಾಯುವುದಿಲ್ಲವಂತೆ! ಭಾನುವಾರ ಕೆರೆಯ ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇಡಿಕೊಂಡಾದರೂ ತಡೆಯುತ್ತೇನೆಂದು ಅಪ್ಪ ಬರಿಗೈಯಲ್ಲಿ ಹೋಗಿದ್ದರು. ಮಧ್ಯಾಹ್ನ ಅವರ ಫೋನು ಬಂತು.

"ಸಿಕ್ತು ಪುಟ್ಟಿ. ಒಬ್ಬರಾದ್ಮೇಲೆ ಒಬ್ಬರು ಎತ್ಕೊಂಡು ಫೋಟೊ ತೆಗೆಸ್ಕೊಳ್ತಿದಾರೆ. ನೀರಿಗೆ ಬಿಡ್ರಪ್ಪಾ ಅಂತ ಬಡ್ಕೊಂಡೆ. ಬಿಡೋದು ಇದ್ದೇ ಇದೆಯಲ್ಲ ಯಜಮಾನ್ರೇ, ಸಾಲಲ್ಲಿ ನಿಂತ್ಕೊಳ್ಳಿ ಅಂದ್ರು."

"ಈಗ ಬಿಟ್ರಾ ಅಪ್ಪ?"

"ಸಾಲು ಇನ್ನೂ ಉದ್ದ ಇದೆಯಮ್ಮ. ಅದು ಆಗಲೇ ಒದ್ದಾಡೋದು ನಿಲ್ಲಿಸಿದೆ."