ಉಸಿರಾಡುವ ಚೀಲ

ಖರ್ಜೂರದ ತಟ್ಟೆ ಚಾಚಿದ ಬತೂಲ್ ಕಿಟಾರನೆ ಕಿರುಚಿ ಕೈ ಹಿಂದಕ್ಕೆಳೆದುಕೊಂಡಳು. ಎದುರಿಗಿದ್ದ ಹೆಂಗಸಿನ ಬಗಲಲ್ಲಿದ್ದ ಚರ್ಮದ ಚೀಲ ಉಸಿರಾಡುತ್ತಿತ್ತು.

"ಅತ್ತಿಗೇ, ಇದರೊಳಗೆ ಏನೋ ಜೀವ ಇದೆ!"

ಇಫ್ಫತ್ ತಲೆಯೆತ್ತಿದಳು. ತೆಹ್ರಾನಿನ ಬಜಾರಿನಲ್ಲಿ ನಲವತ್ತು ವರ್ಷ ಹೆಂಗಸರ ಚೀಲ ಹೊಲಿದ ಗಂಡ ರಹಮತ್‌ನನ್ನು ಮಣ್ಣು ಮಾಡಿ ಅರ್ಧ ಗಂಟೆಯೂ ಆಗಿರಲಿಲ್ಲ. ಗೋರಿಗೆ ಚಿಮುಕಿಸಿದ ಪನ್ನೀರು ಇನ್ನೂ ಆರಿರಲಿಲ್ಲ. ಬೆಳಿಗ್ಗೆಯಿಂದ ಅವಳು ಅತ್ತಿರಲಿಲ್ಲ. ಗುರುತಿಲ್ಲದ ನಾಲ್ವರು ಹೆಂಗಸರು ಒಂದೇ ಬಗೆಯ ಚೀಲ ಹೊತ್ತು ಬಂದು ನಿಂತಾಗಿನಿಂದ ಅವರನ್ನೇ ನೋಡುತ್ತಿದ್ದಳು. ಇವರಲ್ಲಿ ಆ ಗುರುವಾರದವಳು ಯಾರು?

"ಹೆದರ್ಬೇಡಿ ಅಮ್ಮಾ, ಇವಳಿಗೆ ಹಲ್ಲೇ ಇಲ್ಲ." ಹೆಂಗಸು ಚೀಲದ ಬಾಯಿ ತುಸು ತೆರೆದಳು. ಮುಷ್ಟಿಗಾತ್ರದ ಮುಖ, ಎರಡು ದೊಡ್ಡ ಕಣ್ಣು.

"ನಾಯಿ! ಗೋರಿ ಹತ್ರ ನಾಯಿ! ನಮ್ಮಣ್ಣ ಒಂದು ಹೊತ್ತೂ ನಮಾಜು ತಪ್ಪಿಸ್ದೋನಲ್ಲ ಕಣ್ರೀ. ಮೊದ್ಲು ಆಚೆ ನಡೀರಿ!"

"ಈ ಚೀಲ ಹೊಲಿದುಕೊಟ್ಟೋರೇ ಅವರು."

ಬತೂಲ್‌ಳ ಕೈಯಿಂದ ತಟ್ಟೆ ಜಾರಿತು.

*

ಆರು ವರ್ಷದ ಹಿಂದೆ ಮಗಳು ನಾಹೀದ್ ಪುಟ್ಟ ನಾಯಿಯೊಂದನ್ನು ಎತ್ತಿಕೊಂಡು ಬಂದಿದ್ದಳು. ರಹಮತ್ ಬಾಗಿಲಲ್ಲೇ ತಡೆದಿದ್ದ.

"ಅದಕ್ಕೇನು ಕಾಲಿಲ್ವಾ? ಮಗು ಥರ ಹೊತ್ಕೊಂಡು ತಿರುಗ್ತೀಯಲ್ಲ, ನಿಂಗಿಲ್ದಿದ್ರೂ ಅದಕ್ಕಾದ್ರೂ ನಾಚಿಕೆ ಬೇಡ್ವಾ?"

"ನಾಯೀನ ಬೀದೀಲಿ ನಡೆಸೋ ಹಾಗಿಲ್ಲ, ಪೊಲೀಸ್ರು ಹಿಡ್ಕೊಂಡು ಹೋಗ್ತಾರೆ ಅಪ್ಪಾ."

"ಇಲಿಯಷ್ಟಿಲ್ಲ, ಇದನ್ನ ಯಾರು ಹಿಡೀತಾರೆ? ನಡೆಸು!"

ಅವಳು ನಾಯಿಯನ್ನು ಇಳಿಸಿ ನಡೆಸಿಕೊಂಡೇ ಹೋದಳು. ಮತ್ತೆ ಮನೆಗೆ ಬರಲಿಲ್ಲ. ಯಾಕೆಂದು ಅವಳೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ಅಲ್ಲಿಂದಾಚೆ ಪ್ರತಿ ಗುರುವಾರ ರಹಮತ್ ಅಂಗಡಿಯಿಂದ ಒದ್ದೆ ತಲೆಯಲ್ಲಿ, ಬೇರೆ ಅಂಗಿ ತೊಟ್ಟು ಬರತೊಡಗಿದ. ಗಂಡಸು ಹೊರಗೆ ಮಿಂದು ಬರುವುದಕ್ಕೆ ಇಫ್ಫತ್‌ಗೆ ಒಂದೇ ಕಾರಣ ತಿಳಿದಿತ್ತು. ಕೇಳಲಿಲ್ಲ. ಹಾಸಿಗೆ ಬೇರೆ ಮಾಡಿದಳು.

*

"ಗುರುವಾರ ಬರ್ತಿದ್ರಾ ನೀವು?" ಇಫ್ಫತ್ ಆ ಹೆಂಗಸನ್ನು ಕೇಳಿದಳು.

"ಹೂಂ. ನಾಯಿ ಎದೆ ಸುತ್ತ ಟೇಪು ಹಿಡಿದು ಅಳತೆ ತಗೋಳೋರು. ಬೈಕೊಂಡೇ! 'ಕಾಲಿರೋದನ್ನ ಹೊರ್ತೀರಲ್ಲ, ಬುದ್ಧಿ ಇದೆಯಾ?' ಅಂತ. ಆಮೇಲೆ ಮೈಲಿಗೆ ಆಯ್ತು ಅಂತ ನಲ್ಲಿ ಕೆಳಗೆ ತಲೆ ಒಡ್ಡೋರು. ಇಷ್ಟೆಲ್ಲ ಯಾಕೆ ಉಸ್ತಾದ್ ಅಂದೆ ಒಂದ್ಸಲ. 'ನನ್ನ ಮಾತಿಗೆ ಮಗಳು ನಾಯೀನ ನಡೆಸಿದ್ಲು. ಬೀದಿ ದಾಟೋ ಅಷ್ಟರಲ್ಲಿ ಪೊಲೀಸ್ರು ಅದನ್ನ ವ್ಯಾನಿಗೆ ಹಾಕ್ಕೊಂಡು ಹೋದ್ರು. ಮಾಳಿಗೆ ಮೇಲಿಂದ ನೋಡ್ತಾ ನಿಂತಿದ್ದೆ' ಅಂದ್ರು."

ಸಾವಿನ ಸುದ್ದಿ ಕೇಳಿ ಬಂದು, ಗೋರಿಯ ಆಚೆ ಬದಿ ಒಬ್ಬಳೇ ನಿಂತಿದ್ದ ನಾಹೀದ್ ಮಣ್ಣಿನಲ್ಲೇ ಕುಸಿದು ಕೂತಳು.

"ಅಪ್ಪ ನೋಡಿದ್ರಾ?"

ಹೆಂಗಸು ಚೀಲದಿಂದ ನಾಯಿಯನ್ನು ತೆಗೆದು ನೆಲಕ್ಕಿಟ್ಟಳು. "ಇವತ್ತೊಂದಿನ ಅವರ ಮಾತು ನಡೀಲಿ."

ಅದು ನಡೆಯಲಿಲ್ಲ. ಹಸಿ ಮಣ್ಣಿನ ಮೇಲೆ ಒಂದು ಕಾಲು ಎತ್ತಿಕೊಂಡು ನಡುಗುತ್ತ ನಿಂತಿತು.

ಅಷ್ಟರಲ್ಲಿ ಖಬರಸ್ತಾನದ ಕಾವಲುಗಾರನ ಶಿಳ್ಳೆ. ಗೋರಿಗಳ ನಡುವೆ ಅವನು ಇತ್ತಲೇ ಬರುತ್ತಿದ್ದ. ಹೆಂಗಸು ಕಲ್ಲಾದಳು. ಇಫ್ಫತ್ ಬಗ್ಗಿ, ಹುಟ್ಟಿದಂದಿನಿಂದ ಮುಟ್ಟದ ಪ್ರಾಣಿಯನ್ನು ಬಾಚಿ ಎತ್ತಿ ಕಪ್ಪು ಚಾದರದೊಳಗೆ ಎದೆಗೊತ್ತಿಕೊಂಡಳು. ಅದು ಕುಂಯ್ ಎಂದಿತು.

"ಏನಮ್ಮಾ ಅದು? ನಾಯಿ ಕೂಗಿದ ಹಾಗಾಯ್ತು?"

"ಗಂಡ ಸತ್ತೋಳು ಅಳೋದು ನಿಂಗೆ ನಾಯಿ ಕೂಗಿದ ಹಾಗೆ ಕೇಳ್ಸುತ್ತೇನೋ?" ಬತೂಲ್ ಮೈಮೇಲೇ ಹೋದಳು. "ನಿನ್ನ ಕಿವಿಗಿಷ್ಟು ಮಣ್ಣು ಹಾಕ!"

ಮತ್ತೆ ಕುಂಯ್. ಸದ್ದು ಮುಚ್ಚಲೆಂದು ಇಫ್ಫತ್ ಜೋರಾಗಿ ಅತ್ತಳು. ಕಾವಲುಗಾರ ತಲೆ ತಗ್ಗಿಸಿ ತಿರುಗಿದ.

ಅವನು ಗೇಟು ದಾಟಿ ಮರೆಯಾದ ಮೇಲೂ ಅವಳ ಅಳು ನಿಲ್ಲಲಿಲ್ಲ. ಚಾದರದ ಎದೆಯ ಭಾಗ ಮಾತ್ರ ಅವಳ ಬಿಕ್ಕಿಗೆ ಹೊಂದದೆ, ತನ್ನ ಪಾಡಿಗೆ ಬೇಗಬೇಗ ಏರಿ ಇಳಿಯುತ್ತಿತ್ತು.